ಯಾರ ಪೈಕಿ ನೀವು?

೧೨ ಏಪ್ರಿಲ್ ೧೯೪೬, ಶುಕ್ರವಾರ. ಜಹೀರಾಬಾದ್

ಲಷ್ಕರದ ಫೌಜಿ ದವಾಖಾನೆ ಮುಚ್ಚಿತು. ಯುದ್ಧ ಮುಗಿದು ಎಂಟು ತಿಂಗಳಾಯಿತು. ಗಾಯಾಳು ಸಿಪಾಯಿಗಳು ಮನೆಗೆ ಹೋದರು, ಈಗ ನಮ್ಮನ್ನೂ ಕಳಿಸಿದರು. ಒಂದೇ ದಿನ ಮೂವತ್ತೊಂದು ನರ್ಸುಗಳು ಟ್ರಂಕು ಹಿಡಿದು ಸ್ಟೇಷನ್ನಿಗೆ ಬಂದೆವು. ಇಷ್ಟೂ ಮಂದಿಗೆ ಎಲ್ಲಿ ಕೆಲಸ ಸಿಗುತ್ತದೆಯೋ.

ಅಣ್ಣ ಮಾಣಿಕ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತಿದ್ದ. ಅವನು ರೈಲು ಹಳಿ ರಿಪೇರಿ ಮಾಡುವ ಗ್ಯಾಂಗಿನಲ್ಲಿದ್ದಾನೆ. ನನ್ನ ಟ್ರಂಕು ತಲೆಯ ಮೇಲಿಟ್ಟುಕೊಂಡು, ಪೇಟೆ ಬಿಟ್ಟು, ಊರ ಹೊರಗಿನಿಂದ ಸುತ್ತಿ ಹೊಲಗೇರಿಯ ದಾರಿ ಹಿಡಿದ. ನಾನು ಪೇಟೆಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದ್ದೆ. ಐದು ವರ್ಷದಲ್ಲಿ ಮರೆತೇ ಹೋಗಿತ್ತು.

ಅವ್ವ ಎರಡೂ ಕೈಯಿಂದ ನನ್ನ ಮುಖ ಸವರಿ ನೋಡಿದಳು. ಅವಳ ಕಣ್ಣು ಮಂಜಾಗಿವೆ. "ಬಾಲಿ, ಸೊರಗಿ ಹೋಗಿದಿ" ಎಂದಳು. ಇಷ್ಟಾದರೂ ಇನ್ನೂ ಹೆರಿಗೆಗೆ ಹೋಗುತ್ತಾಳೆ. ಮೂವತ್ತು ವರ್ಷದಿಂದ ಅವ್ವ ಈ ಊರಿನ ಸೂಲಗಿತ್ತಿ. ಸಾಹುಕಾರರ ಮನೆಯಿರಲಿ, ಬಡವರ ಮನೆಯಿರಲಿ, ಅವಳು ಕಾಲಿಡದ ಬಾಣಂತಿ ಕೋಣೆ ಇಲ್ಲ. ಹೋಗುವುದು ಮಾತ್ರ ಹಿತ್ತಿಲ ಬಾಗಿಲಿನಿಂದ.

ನನ್ನ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸಿದಳು. "ಬಾಲಮಣಿ, ತಂದೆ ತುಳಜಪ್ಪ" ಎಂದು ಎಲ್ಲಿ ಬರೆದಿದೆ ಎಂದು ಕೇಳಿದಳು. ತೋರಿಸಿದೆ. ಅಪ್ಪ ಇದ್ದಿದ್ದರೆ ಎಂದಳು. ನಾನು ಹೇಳಿದೆ, ಈ ಕಾಗದ ಇದ್ದ ಮೇಲೆ ಹೆದರಿಕೆಯಿಲ್ಲ, ಎರಡು ತಿಂಗಳಲ್ಲಿ ಕೆಲಸ ಹಿಡಿಯುತ್ತೇನೆ, ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ.

೧೮ ಏಪ್ರಿಲ್, ಗುರುವಾರ

ತಾಂಡೂರಿನಲ್ಲಿ ಕಲ್ಲಿನ ಖಣಿಯ ಸಾಹುಕಾರರೊಬ್ಬರು ಕೂಲಿಯವರಿಗಾಗಿ ದವಾಖಾನೆ ತೆರೆದಿದ್ದಾರಂತೆ. ಹೆಣ್ಣಾಳುಗಳು ಗಂಡಸು ಡಾಕ್ಟರ ಹತ್ತಿರ ಬರುವುದಿಲ್ಲವಾದ್ದರಿಂದ ನರ್ಸು ಬೇಕಂತೆ. ಮಾಣಿಕ ಗ್ಯಾಂಗಿನವರಿಂದ ಸುದ್ದಿ ತಂದ.

ಮಿಷನ್ ದವಾಖಾನೆಯಲ್ಲಿ ಮೂರು ವರ್ಷ ಕಲಿತಾಗಿನ ನೋಟುಬುಕ್ಕು ತೆಗೆದಿದ್ದೇನೆ. ಏನೇನು ಕೇಳಬಹುದು ಎಂದು ಪ್ರಶ್ನೆ ಬರೆದು, ಉತ್ತರವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತೇನೆ. "ಹೆರಿಗೆಯ ನಂತರ ರಕ್ತ ನಿಲ್ಲದಿದ್ದರೆ ಏನು ಮಾಡುವಿರಿ?" ಎಂದು ಓದಿದೆ. ನಾನು ಬಾಯಿ ತೆರೆಯುವ ಮೊದಲೇ ಒಲೆಯ ಮುಂದಿನಿಂದ ಅವ್ವ ಹೇಳಿದಳು:

"ಹೊಟ್ಟಿ ತಿಕ್ಕಬೇಕು. ಕೂಸಿಗಿ ಮಲಿ ಹಿಡಸಬೇಕು."

"ಅದಕ್ಕಿಂತ ಮೊದಲ ಕೈ ತೊಳೀಬೇಕವ್ವ. ಸಾಬೂನ ಹಚ್ಚಿ, ಮೊಣಕೈ ತನಕ."

"ಅದೊಂದು ನಿನ್ನ ಕಡಿಂದ ಕಲ್ತಂಗಾತು ನೋಡು" ಎಂದು ನಕ್ಕಳು.

ಮೂವತ್ತಾರು ಪ್ರಶ್ನೆಗಳಾದವು. ಒಂದೂ ತಪ್ಪಲಿಲ್ಲ.

೩೦ ಏಪ್ರಿಲ್, ಮಂಗಳವಾರ

ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ ತಾಂಡೂರು ಮುಟ್ಟುವಷ್ಟರಲ್ಲಿ ಬಿಳಿ ಸೀರೆ ಮಸಿಯಾಗಿತ್ತು. ಆ ಊರಿನಲ್ಲಿ ಗೋಡೆ, ಕಟ್ಟೆ, ಮನೆಯ ಮಾಳಿಗೆ ಎಲ್ಲ ಹಾಸುಗಲ್ಲಿನವು. ಗಾಳಿಯಲ್ಲೂ ಕಲ್ಲಿನ ಪುಡಿ.

ಡಾಕ್ಟರ್ ಮಹಾದೇವ ಅವರು ನಡುವಯಸ್ಸಿನವರು, ಒಳ್ಳೆಯವರು. ಎಂಟು ಪ್ರಶ್ನೆ ಕೇಳಿದರು. ಎಂಟಕ್ಕೂ ಸರಿಯಾಗಿ ಹೇಳಿದೆ. ಅವರ ಮುಖ ಅರಳಿತು. ಆಮೇಲೆ ರಿಜಿಸ್ಟರು ನನ್ನ ಮುಂದೆ ತಳ್ಳಿದರು. ಪೂರ್ತಿ ಉರ್ದು.

"ಮಾತಾಡಾಕ ಬರ್ತದ್ರಿ. ಓದಾಕ ಬರಲ್ಲ" ಎಂದೆ.

"ಸರ್ಕಾರಕ್ಕ ಹೋಗೂ ಲೆಕ್ಕ ಎಲ್ಲಾ ಉರ್ದೂದಾಗೇ ಇರ್ತದ್ರಿ ಬಾಯಿ. ಮೂರು ತಿಂಗಳು ಬಿಟ್ಟು ಕಲ್ತು ಬರ್ರಿ. ಜಾಗಾ ಖಾಲಿ ಇದ್ರ ನೋಡಮು. ಗ್ಯಾರಂಟಿ ಹೇಳಾಕ ಆಗಲ್ಲ. ಮೊನ್ನಿ ಇಬ್ಬರು ಬಂದಿದ್ರು, ನಿನ್ನಿ ಒಬ್ಬಾಕಿ. ಎಲ್ಲಾ ನಿಮ್ಮ ಫೌಜಿನವ್ರೇ."

ಮೂವತ್ತಾರು ಪ್ರಶ್ನೆ ಬರೆದುಕೊಂಡಿದ್ದೆ. ಇದನ್ನು ಬರೆದುಕೊಂಡಿರಲಿಲ್ಲ.

೯ ಮೇ, ಗುರುವಾರ

ಲಾಡ್ಲೇಸಾಬ ಮುನ್ಷಿಯವರು ತಹಸೀಲ್ ಕಚೇರಿಯಲ್ಲಿ ಬರಹಗಾರರಾಗಿದ್ದವರು, ಈಗ ಮನೆಯಲ್ಲಿದ್ದಾರೆ. ಅವರ ಇಬ್ಬರು ಮಕ್ಕಳ ಹೆರಿಗೆ ಅವ್ವನೇ ಮಾಡಿಸಿದ್ದು. ಆ ಋಣಕ್ಕೆ ಕಲಿಸಲು ಒಪ್ಪಿದರು. ಬೆಳಿಗ್ಗೆ ಅವರ ಮನೆಯ ಕಟ್ಟೆಯ ಮೇಲೆ ಪಾಟಿ ಹಿಡಿದು ಕೂಡುತ್ತೇನೆ.

"ಬಲಗಡಿಂದ ಬರೀಬೇಕು ಬೇಟಿ. ಮೊದಲ ಕೈ ಮಾತು ಕೇಳಲ್ಲ. ಆಮ್ಯಾಲ ತಾನೇ ಕೇಳ್ತದ" ಎನ್ನುತ್ತಾರೆ.

ಬುಖಾರ್ ಎಂದರೆ ಜ್ವರ, ಹೈಜಾ ಎಂದರೆ ಕಾಲರಾ. ರೋಗಗಳ ಹೆಸರೇ ಮೊದಲು ಕಲಿಯುತ್ತಿದ್ದೇನೆ. ನಾರಾಯಣಖೇಡದ ದೇಶಮುಖರೊಬ್ಬರ ಮನೆಯವರು ಹೆರಿಗೆ ಮನೆ ಕಟ್ಟಿಸಿದ್ದಾರೆ, ಅಲ್ಲಿ ಉರ್ದುವಿನ ಹಂಗಿಲ್ಲ ಎಂದು ಮುನ್ಷಿಯವರೇ ಹೇಳಿ ಒಂದು ಚೀಟಿ ಬರೆದುಕೊಟ್ಟರು.

೨೭ ಮೇ, ಸೋಮವಾರ. ನಾರಾಯಣಖೇಡ್

ಅರ್ಧ ದಾರಿ ಮೋಟಾರು, ಅರ್ಧ ದಾರಿ ಎತ್ತಿನ ಗಾಡಿ. ದೇಶಮುಖರ ಹೆಂಡತಿ ಭಾಗೀರಥೀಬಾಯಿಯವರು ಜಗಲಿಯ ಮೇಲೆ ಕುಳಿತಿದ್ದರು. "ಬರ್ರಿ, ಬರ್ರಿ" ಎಂದರು. ಹೆರಿಗೆಯಲ್ಲಿ ತೀರಿಕೊಂಡ ಮಗಳ ಹೆಸರಿನಲ್ಲಿ ಈ ಮನೆ ಕಟ್ಟಿಸಿದ್ದಂತೆ. ಬಾಗಿಲ ಬಣ್ಣ ಇನ್ನೂ ವಾಸನೆ ಬರುತ್ತಿತ್ತು.

ಮಗಳಿಗೆ ಹೇಗಾಯಿತು ಎಂದು ಹೇಳಿದರು. ಬಾಣಂತಿ ಜ್ವರ ಯಾಕೆ ಬರುತ್ತದೆ, ಬಾರದಂತೆ ಏನು ಮಾಡಬೇಕು ಎಂದು ನಾನು ಹೇಳಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. "ನೀವು ಆವಾಗ ಇದ್ದಿದ್ರ ನನ್ನ ಮಗಳು ಉಳೀತಿದ್ಳು" ಎಂದು ನನ್ನ ಕೈ ಹಿಡಿದರು. ದೂರದಿಂದ ಬಂದಿದ್ದೀರಿ, ಮೊದಲು ಉಣ್ಣಿರಿ ಎಂದು ಒಳಗೆ ಕೂಗಿ ಹೇಳಿದರು. ಅಡಿಗೆಯಾಕೆ ಗಂಗಾಳ ಹಿಡಿದು ಬಂದಳು. ಅದನ್ನು ಎಲ್ಲಿ ಇಡಬೇಕು ಎಂದು ತಿಳಿಯಲಿಕ್ಕೇ ಇರಬೇಕು, ಭಾಗೀರಥೀಬಾಯಿಯವರು ಸಹಜವಾಗಿ ಕೇಳಿದರು:

"ಯಾರ ಪೈಕಿ ನೀವು?"

ಹೇಳಿದೆ.

ಗಂಗಾಳ ಅಡಿಗೆಯಾಕೆಯ ಕೈಯಲ್ಲೇ ನಿಂತಿತು. ಭಾಗೀರಥೀಬಾಯಿಯವರು ನನ್ನ ಕೈ ಬಿಟ್ಟರು. ಸಿಟ್ಟಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

"ನಂದೇನಿಲ್ಲವ್ವ. ಆದ್ರ ಬಾಣಂತ್ಯಾರು ನಿನ್ನ ಕೈಯಾಗಿನ ದವಾ ಕುಡೀಬೇಕಲ್ಲ? ಕೂಸಿನ ಹೊಕ್ಕಳ ಬಳ್ಳಿ ಕೊಯ್ಯಾಕ, ಅರಿವಿ ಒಗ್ಯಾಕ ಇರ್ತೀಯೇನು? ಹಿಂದ ಒಂದು ಖೋಲಿ ಕೊಡಸ್ತೀನಿ."

ನಾನು ನರ್ಸು, ಅದಕ್ಕೆ ಇರುವುದಿಲ್ಲ ಎಂದೆ. "ಹಂಗಾದ್ರ ಹೋಗು" ಎಂದರು. ಜಗಲಿ ಇಳಿಯುವಾಗ ಹಿಂದೆ ಸ್ನಾನಕ್ಕೆ ನೀರು ಕಾಯಿಸಲು ಹೇಳುತ್ತಿದ್ದುದು ಕೇಳಿಸಿತು.

೨೮ ಮೇ

ಜಾಗ ಭರ್ತಿಯಾಗಿತ್ತು ಎಂದು ಅವ್ವನಿಗೆ ಹೇಳಿದೆ. ನೋಟುಬುಕ್ಕು ತೆಗೆಯಲಿಲ್ಲ.

೭ ಜೂನ್, ಶುಕ್ರವಾರ

ಅರ್ಜಿ ಹಾಕಿದ್ದು ಐದು ಕಡೆ. ಎರಡು ಉತ್ತರ ಬಂದಿವೆ, ಎರಡರಲ್ಲೂ ಇಲ್ಲ ಎಂದಿದೆ. ಒಂದು ಉರ್ದುವಿನಲ್ಲಿತ್ತು. ಯಾರ ಸಹಾಯವೂ ಇಲ್ಲದೆ ನಾನು ಪೂರ್ತಿ ಓದಿದ ಮೊದಲ ಉರ್ದು ಕಾಗದ ಅದೇ. ಮುನ್ಷಿಯವರು ಶಾಬಾಸ್ ಎಂದರು, ಆಮೇಲೆ ಕಾಗದ ಏನೆಂದು ತಿಳಿದು ಅದನ್ನು ಮಡಚಿ ನನ್ನ ಕೈಗಿಟ್ಟರು.

೧೯ ಜೂನ್, ಬುಧವಾರ

ಮಧ್ಯಾಹ್ನ ಬಕ್ಕಪ್ಪ ಸಾಹುಕಾರರ ಮನೆಯಿಂದ ಅವ್ವನಿಗೆ ಕರೆ ಬಂತು. ಸೊಸೆಗೆ ಮೊದಲ ಹೆರಿಗೆ. ದಾರಿ ಕಾಣದೆಂದು ಕೈ ಹಿಡಿದು ನಾನೇ ಕರೆದೊಯ್ದೆ. ನನ್ನನ್ನು ದನದ ಕೊಟ್ಟಿಗೆಯ ಹತ್ತಿರ ಕೂಡಿಸಿದರು.

ಕೂಸು ಅತ್ತದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅವ್ವ ಕೂಗಿದಳು: "ಬಾಲೀ, ಒಳಗ ಬಾ!"

ಸಾಹುಕಾರ್ತಿ ಬಾಗಿಲಿಗೆ ಅಡ್ಡ ನಿಂತಳು. "ಒಬ್ಬಾಕಿ ಬಂದೀರಿ, ಸಾಕು."

"ನನಗ ಕಾಣ್ಸಲ್ದು ಅವ್ವಾರೆ. ಕೈಗಿ ಬಿಸಿ ಹತ್ತಲಾಕತ್ತದ, ಎಷ್ಟು ಹೋಗ್ಯಾದೋ ತಿಳೀಲ್ದು. ಹುಡುಗಿ ಕೈ ಬಿಟ್ಟು ಹೋಗ್ತದ!"

ಆಗ ಬಿಟ್ಟಳು. ಹಾಸಿದ ಗೋಣಿ ರಕ್ತದಲ್ಲಿ ಪೂರ್ತಿ ತೊಯ್ದಿತ್ತು. ಮಾಸು ಇನ್ನೂ ಬಿದ್ದಿರಲಿಲ್ಲ. ಕೈ ತೊಳೆದು ಹೊಟ್ಟೆ ಗಟ್ಟಿಯಾಗುವ ತನಕ ತಿಕ್ಕಿದೆ, ಮಾಸು ಬಿತ್ತು, ಅವ್ವ ಕೂಸನ್ನು ಮೊಲೆಗೆ ಹಿಡಿಸಿದಳು. ಅರ್ಧ ಗಂಟೆ ಕೈ ತೆಗೆಯಲಿಲ್ಲ. ರಕ್ತ ನಿಂತಿತು. ಹುಡುಗಿ ಕಣ್ಣು ತೆರೆದು ನೀರು ಎಂದಳು. ಪಕ್ಕದಲ್ಲಿದ್ದ ಲೋಟ ತೆಗೆದು ಅವಳ ತುಟಿಗೆ ಹಿಡಿದೆ. ಸಾಹುಕಾರ್ತಿ ನನ್ನ ಕೈಗೆ ಹೊಡೆದಳು. ಲೋಟ ಉರುಳಿತು.

"ಅಕಿ ಕೈಯಾಗಿಂದು ಕುಡೀಬ್ಯಾಡ!"

ಆ ಹುಡುಗಿಯ ರಕ್ತ ಆಗ ನನ್ನ ಮೊಣಕೈ ತನಕ ಇತ್ತು.

ಹಿತ್ತಿಲ ಬಾಗಿಲಲ್ಲಿ ಅವ್ವನ ಉಡಿಗೆ ಜೋಳ ಹಾಕಿ, ಹಳೇ ಸೀರೆಯೊಂದನ್ನು ಮೇಲಿನಿಂದ ಬಿಟ್ಟು ಸಾಹುಕಾರ್ತಿ ಸಮಾಧಾನದಿಂದ ಹೇಳಿದಳು: "ನಿನ್ನ ಮಗಳ ಕೈಗುಣ ಚಲೋ ಅದ ಸಾಯಮ್ಮ. ಇನ್ನ ಮ್ಯಾಲ ಆಕೀನೂ ಕರಕೊಂಡೇ ಬಾ. ನಿನ್ನ ಹಿಂದ ಆಕೀನೇ ಮಾಡ್ತಾಳ."

ಮನೆಗೆ ಬಂದ ಮೇಲೆ ಅವ್ವ ಕೇಳಿದಳು. "ನಾರಾಯಣಖೇಡದಾಗ ಜಾಗಾ ಭರ್ತಿ ಆಗಿರಲಿಲ್ಲ, ಹೌದಿಲ್ಲೋ?"

ಹೌದು ಎಂದೆ.

೩ ಜುಲೈ, ಬುಧವಾರ

ಅವ್ವನೇ ಹೇಳಿದ್ದು. ನಾನು ಯೋಚಿಸಿದ್ದೆ, ಬಾಯಿ ಬಿಟ್ಟು ಹೇಳಲು ಆಗಿರಲಿಲ್ಲ.

"ಮರಾಠರ ಪೈಕಿ ಅನ್ನು. ಕಾಗದದಾಗ ಜಾತಿ ಬರದಿಲ್ಲಲ್ಲ? ಕುಲದೇವರು ತುಳಜಾಪುರದ ಅಂಬಾಭವಾನಿ ಅನ್ನು. ಅದೇನು ಸುಳ್ಳಲ್ಲ, ನಿಮ್ಮಪ್ಪನ ಹೆಸರೂ ಆಕೀದೇ."

ಮೂವತ್ತು ವರ್ಷ ಎಲ್ಲರ ಮನೆಯ ಒಳಕೋಣೆಯಲ್ಲಿ ಕುಳಿತವಳಿಗೆ ಎಲ್ಲ ಗೊತ್ತು. ಮರಾಠರ ಮನೆಯಲ್ಲಿ ಹೆರಿಗೆಯಾದ ಐದನೇ ದಿನ ಹಣೆಬರಹ ಬರೆಯುವ ಸಟವಿಯ ಪೂಜೆಗೆ ಏನಿಡುತ್ತಾರೆ, ಅತ್ತೆಯನ್ನು ಏನೆಂದು ಕರೆಯುತ್ತಾರೆ, ಯಾವ ವಾರ ಒಪ್ಪತ್ತು ಮಾಡುತ್ತಾರೆ. ಒಂದೊಂದೇ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಆಮೇಲೆ ಗೋಡೆಗೆ ಆತು ಕುಳಿತು ತಾನೇ ಸಾಹುಕಾರನಂತೆ ಕೇಳುತ್ತಾಳೆ.

"ಯಾರ ಪೈಕಿ ನೀವು?"

"ಮರಾಠರ ಪೈಕಿ ರೀ."

"ಅಷ್ಟು ಲಗೂ ಹೇಳಬ್ಯಾಡ, ಬಾಯಿಪಾಠ ಮಾಡಿದಂಗ ಆಗ್ತದ. ಇನ್ನೊಂದು, ಯಾರರೆ ನೀರ ಕೊಟ್ರ ಬೊಗಸಿ ಒಡ್ಡಬ್ಯಾಡ. ಈ ಊರಾಗ ಕಾಲಿಟ್ಟಾಗಿಂದ ನಿನ್ನ ಕೈ ತಾನೇ ಮ್ಯಾಲ ಬರ್ತದ. ತಂಬಿಗಿ ಇಸ್ಕೊ." ಮತ್ತೆ ಕೇಳಿದಳು: "ಅಣ್ಣತಮ್ಮಂದ್ರು?"

"ಯಾರಿಲ್ರಿ."

"ಅವ್ವ?"

ನಾನು ನೋಟುಬುಕ್ಕು ಮುಚ್ಚಿದೆ.

"ಸತ್ತಾಳ ಅನ್ನು. ಇದ್ದಾಳ ಅಂದ್ರ ಎಲ್ಲಿ, ಯಾಕ ಬರಲಿಲ್ಲ ಅಂತ ಕೇಳ್ತಾರ."

"ಅದೊಂದು ಬ್ಯಾಡವ್ವ."

"ಅನ್ನು."

ಏಳು ಸಲ ಹೇಳಿಸಿದಳು. ಏಳನೆಯ ಸಲ ಸರಿಯಾಯಿತು ಎಂದಳು.

೨೨ ಜುಲೈ, ಸೋಮವಾರ

ಕೆಲಸ ಸಿಕ್ಕಿತು.

ಈ ಸಲ ಡಾಕ್ಟರ ಜೊತೆ ಖಣಿಯ ಸಾಹುಕಾರರೂ ಕುಳಿತಿದ್ದರು. ಡಾಕ್ಟರು ರಿಜಿಸ್ಟರು ಕೊಟ್ಟರು. ಎರಡು ಪುಟ ತಡೆಯಿಲ್ಲದೆ ಓದಿದೆ. ಹೆರಿಗೆಯ ಬಗ್ಗೆ ಒಂದೂ ಪ್ರಶ್ನೆ ಬರಲಿಲ್ಲ. ಸಾಹುಕಾರರು ಹೇಳಿದರು: "ನಮ್ಮ ಕಂಪೌಂಡರ್ ಮನಿ ಬಾಜೂ ಖೋಲಿ ಅದ. ಅವರ ಬಾವೀಲೇ ನೀರು ತರಬೇಕಾಗ್ತದ. ಅದಕ್ಕ ಕೇಳಲಾಕತ್ತೀನಿ, ತಪ್ಪು ತಿಳೀಬ್ಯಾಡ್ರಿ. ಯಾರ ಪೈಕಿ ನೀವು?"

ಹೇಳಿದೆ. ಬಾಯಿಪಾಠದಂತೆ ಆಗಲಿಲ್ಲ. ಅವ್ವ? ತೀರಿಕೊಂಡು ಎರಡು ವರ್ಷವಾಯಿತು ಎಂದೆ. ಎರಡು ವರ್ಷ ಎಂದು ಅವ್ವ ಕಲಿಸಿರಲಿಲ್ಲ, ತಾನೇ ಬಂತು. ಪಾಪ ಎಂದರು. ನೀರು ತರಿಸಿದರು. ಬಲಗೈ ಅರ್ಧ ಮೇಲೆದ್ದಿತ್ತು, ಇಳಿಸಿ ತಂಬಿಗೆ ಹಿಡಿದೆ.

ಮನೆಗೆ ಬಂದು ಹೇಳಿದಾಗ ಅವ್ವ ದೇವರ ಮುಂದೆ ದೀಪ ಹಚ್ಚಿದಳು. "ಕಾಗದ ಬರೀಬ್ಯಾಡ. ನಮ್ಮ ಕಡಿಂದೂ ಬರಲ್ಲ. ಚಲೋ ಇರು" ಎಂದಳು. ನಿನ್ನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಏಪ್ರಿಲ್‌ನಲ್ಲಿ ಹೇಳಿದ್ದನ್ನು ಇಬ್ಬರೂ ಎತ್ತಲಿಲ್ಲ.

೫ ಆಗಸ್ಟ್, ಸೋಮವಾರ. ತಾಂಡೂರು

ಕೆಲಸಕ್ಕೆ ಸೇರಿದೆ. ಮಾಣಿಕ ನಿನ್ನೆ ಗಾಡಿಯ ತನಕ ಟ್ರಂಕು ಹೊತ್ತು ಬಂದ, ಹಮಾಲನಂತೆ ನಾಲ್ಕು ಹೆಜ್ಜೆ ಹಿಂದೆ. ನಾನು ಹೇಳಿರಲಿಲ್ಲ. ಅವ್ವ ಬರಲಿಲ್ಲ.

ಕಂಪೌಂಡರ ಹೆಂಡತಿ ರುಕ್ಮಿಣೀಬಾಯಿಯವರು ರೊಟ್ಟಿ, ಪುಂಡಿಪಲ್ಯೆ ಕಳಿಸಿದರು. ತಾಯಿಯಿಲ್ಲದ ಹುಡುಗಿ ಎಂದು ತಲೆ ಸವರಿದರು. ಅಳು ಬಂತು. ಅವರು ಅದನ್ನು ಬೇರೆ ರೀತಿ ತಿಳಿದರು.

೧೭ ಆಗಸ್ಟ್, ಶನಿವಾರ

ದಿನಕ್ಕೆ ಐವತ್ತು ರೋಗಿಗಳು. ಕಲ್ಲು ಬಿದ್ದ ಬೆರಳು, ಪುಡಿ ತುಂಬಿದ ಎದೆ. ಕೆಲಸಕ್ಕೆ ಹೆದರಿಕೆಯಿಲ್ಲ.

ದವಾಖಾನೆಯ ಆಯಾ ಎಲ್ಲಮ್ಮ ಇಂದು ಕಸ ಹೊಡೆಯುವಾಗ ನನ್ನ ಕೊಡ ಮುಟ್ಟಿದಳು. ಅವಳು ಇಲ್ಲಿನ ಕೇರಿಯವಳು. ರುಕ್ಮಿಣೀಬಾಯಿಯವರು ಎದುರಿಗೇ ನಿಂತಿದ್ದರು. ನೀರು ಚೆಲ್ಲಿ, ಕೊಡಕ್ಕೆ ಬೂದಿ ಹಚ್ಚಿ ತೊಳೆದು, ಬೇರೆ ನೀರು ತಂದೆ. ಅವರು ನೋಡುತ್ತಿದ್ದರು, ನಾನು ಇನ್ನೇನು ಮಾಡಬಹುದಿತ್ತು? ಎಲ್ಲಮ್ಮನ ಮುಖ ನೋಡಲಾಗಲಿಲ್ಲ. ಊಟ ಸೇರಲಿಲ್ಲ.

೨ ಸೆಪ್ಟೆಂಬರ್, ಸೋಮವಾರ

ರುಕ್ಮಿಣೀಬಾಯಿಯವರು ಮಗಳ ಊರಿಗೆ ಹೋಗಿ ನಾಲ್ಕು ದಿನವಾಯಿತು. ಕಂಪೌಂಡರೂ ಇಲ್ಲ. ಮನೆಯೆಲ್ಲ ಬಿಕೋ ಎನ್ನುತ್ತದೆ. ಎಲ್ಲಮ್ಮ ಮತ್ತೆ ಕೊಡದ ಹತ್ತಿರ ಪೊರಕೆ ತಂದಳು. ಎಷ್ಟು ಸಲ ಹೇಳಬೇಕು ಇವರಿಗೆ? ಚೆನ್ನಾಗಿ ಬೈದು, ನೀರು ಚೆಲ್ಲಿದೆ.

ಖಣಿಯ ಹೆಂಗಸರು ಮೇಜಿನ ತನಕ ನುಗ್ಗಿ ಬರುತ್ತಾರೆ. ಹೊರಗೆ ಬೇವಿನ ಮರದ ಕೆಳಗೆ ಸಾಲಾಗಿ ಕೂಡಬೇಕೆಂದು ಕಟ್ಟು ಮಾಡಿದ್ದೇನೆ. ಡಾಕ್ಟರು ಒಳ್ಳೆಯ ಶಿಸ್ತು ಎಂದರು.

೧೨ ಸೆಪ್ಟೆಂಬರ್, ಗುರುವಾರ

ಗುರುವಾರ ಹೊರಗಿನ ರೋಗಿಗಳನ್ನೂ ನೋಡುತ್ತೇವೆ. ಡಾಕ್ಟರು ಪಡಸಾಲೆಯಲ್ಲಿ, ಪಕ್ಕದಲ್ಲಿ ನಾನು ರಿಜಿಸ್ಟರು ಹಿಡಿದು. ತಲೆ ಎತ್ತದೆ "ಹೆಸರು?" ಎಂದೆ.

"ಸಾಯಮ್ಮ ರೀ."

ಕೋಲು ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದಳು. ನನ್ನ ಕಡೆಗಲ್ಲ, ನನ್ನ ಪಕ್ಕದ ಕಂಬದ ಕಡೆಗೆ ನೋಡುತ್ತಿದ್ದಳು. ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ. ಬೆಳಗಿನಿಂದ ಮರದ ಕೆಳಗೆ ಸಾಲಿನಲ್ಲಿ ಕುಳಿತಿದ್ದಳಂತೆ.

"ಯಾವೂರು?" ಡಾಕ್ಟರು ಕೇಳಿದರು.

"ಜಹೀರಾಬಾದ ರೀ. ಕಣ್ಣು ತೋರ್ಸಾಕ ಬಂದೀನ್ರಿ."

"ನಿಮ್ಮೂರಾಕಿ ಅಲ್ಲೇನ್ರಿ ಬಾಯಿ? ಗುರ್ತ ಅದ?" ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ತಿಳಿಯದು. ಅವಳೇ ಮೊದಲು ಹೇಳಿದಳು.

"ಎಲ್ಲೀದ್ರಿ ಸಾಹೇಬರೆ. ಅವ್ರು ಊರಾಗಿನವ್ರು, ನಾವು ಕೇರಿ ಮಂದಿ. ನಮ್ಮ ಗುರ್ತ ಅವ್ರಿಗಿ ಎಲ್ಲಿಂದ ಇರಬೇಕ್ರಿ."

"ಗಂಡನ ಹೆಸರು?" ಎಂದರು ಡಾಕ್ಟರು.

ಕೋಲನ್ನು ಇನ್ನೊಂದು ಕೈಗೆ ಬದಲಿಸಿದಳು. "ಪೋಚಪ್ಪ ಅಂತ ಬರಕೋರಿ."

ಬಲಗಡೆಯಿಂದ ಬರೆದೆ. ಸಾಯಮ್ಮ, ಗಂಡ ಪೋಚಪ್ಪ. ತುಳಜಪ್ಪ ಎಂಬ ಹೆಸರನ್ನು ಡಾಕ್ಟರು ನನ್ನ ಸರ್ಟಿಫಿಕೇಟಿನಲ್ಲಿ ನೋಡಿದ್ದರು. ಅಕ್ಷರ ನೆಟ್ಟಗೆ ಬಂತು.

ಎರಡೂ ಕಣ್ಣಿಗೆ ಪೊರೆ ಬಲಿತಿದೆ, ಹೈದರಾಬಾದಿಗೆ ಹೋಗಿ ಕೊಯ್ಯಿಸಬೇಕು, ಇಲ್ಲದಿದ್ದರೆ ಪೂರ್ತಿ ಹೋಗುತ್ತವೆ ಎಂದರು ಡಾಕ್ಟರು. ಜೊತೆಗೆ ಯಾರಿದ್ದಾರೆ ಎಂದು ಕೇಳಿದರು.

"ಮಗ ಹಳಿ ಕೆಲಸಕ್ಕ ಹೋಗ್ತಾನ, ರಜಾ ಸಿಗಲ್ಲ. ಅವನ ಗ್ಯಾಂಗಿನವ್ರು ಗಾಡಿ ಹತ್ತಿಸಿ ಕಳಸ್ಯಾರ್ರಿ. ಮಗಳು ಅದಾಳ್ರಿ. ದೂರ ಅದಾಳ." ಆಮೇಲೆ ನನ್ನ ದಿಕ್ಕಿಗೆ ಮುಖ ಮಾಡಿ, "ಬರದಾತೇನ್ರಿ ಬಾಯಾರೆ?" ಎಂದಳು.

"ಆತು" ಎಂದೆ.

ಎಲ್ಲಮ್ಮ ಅವಳನ್ನು ಕೂಡಿಸಿ ಕಣ್ಣಿಗೆ ಔಷಧ ಹಾಕಿದಳು. ನಾನು ಮುಂದಿನವಳ ಹೆಸರು ಕೇಳಿದೆ. ಸಂಜೆಯ ಗಾಡಿಗೆ ಹೋದಳಂತೆ. ಸ್ಟೇಷನ್ ಹತ್ತು ನಿಮಿಷದ ದಾರಿ. ತಿಂಗಳ ಲೆಕ್ಕದ ತಖ್ತೆ ಬರೆದು ಮುಗಿಸುವುದಿತ್ತು.

೧೩ ಸೆಪ್ಟೆಂಬರ್

ಎರಡು ಹೆರಿಗೆ. ಬರೆಯುವಂಥದ್ದೇನೂ ಇಲ್ಲ.

೨೫ ಸೆಪ್ಟೆಂಬರ್, ಬುಧವಾರ

ಇಂದು ಪೆತ್ರಮಾಸಿ. ಸತ್ತವರಿಗೆ ಎಡೆ ಇಡುವ ಅಮಾವಾಸ್ಯೆ. ಅಣ್ಣತಮ್ಮಂದಿರು ಇಲ್ಲದ ಮೇಲೆ ನಾನೇ ಇಡಬೇಕೆಂದು ರುಕ್ಮಿಣೀಬಾಯಿಯವರು ನಿನ್ನೆಯೇ ಹೇಳಿದ್ದರು. ಬೆಳಿಗ್ಗೆ ಅವರ ಅಡಿಗೆ ಮನೆಯಲ್ಲೇ ಅನ್ನ, ಕುಂಬಳಕಾಯಿ ಪಲ್ಯೆ, ವಡೆ ಮಾಡಿದೆವು.

"ಹೆಸರು ತಗೊಂಡು ಇಡ್ರಿ. ನಿಮ್ಮವ್ವನ ಹೆಸರೇನು?"

"ಅಮೃತಬಾಯಿ" ಎಂದೆ.

ಮಾಳಿಗೆಯ ಮೇಲೆ ಎಲೆ ಇಟ್ಟು ನೀರು ಬಿಟ್ಟು ಕೈ ಮುಗಿದೆ. ಬಹಳ ಹೊತ್ತು ಕಾಯುವಂತಾಗಲಿಲ್ಲ, ಕಾಗೆ ಬಂದು ಅನ್ನಕ್ಕೇ ಬಾಯಿ ಹಾಕಿತು. ಪಕ್ಕದ ಮನೆಯವರ ಎಲೆ ಇನ್ನೂ ಹಾಗೇ ಇತ್ತು.

"ನೋಡ್ರಿ, ನಿಮ್ಮವ್ವ ತೃಪ್ತಿ ಆದ್ಳು. ಭಾಳ ಚಲೋ ಜೀವ ಇರಬೇಕು. ಹ್ಯಾಂಗಿದ್ರು ಅವ್ರು?" ಎಂದು ಪಕ್ಕದಲ್ಲಿ ಕುಳಿತು ಕೇಳಿದರು.

ಹೇಳಿದೆ. ಎತ್ತರದ ಹೆಂಗಸು, ಬೆಳ್ಳಗೆ, ಹಣೆಯ ತುಂಬ ಕುಂಕುಮ. ಶುಕ್ರವಾರ ಒಪ್ಪತ್ತು ಮಾಡುತ್ತಿದ್ದಳು. ಎಂದೂ ಹೊಸ್ತಿಲು ದಾಟಿ ಕೆಲಸಕ್ಕೆ ಹೋದವಳಲ್ಲ. ನನ್ನ ಕೂದಲು ತಾನೇ ಬಾಚುತ್ತಿದ್ದಳು. ಅವಳ ಕಣ್ಣು ದೊಡ್ಡವು, ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. ಹೇಳುತ್ತ ಹೋದಂತೆ ಅಮೃತಬಾಯಿಯ ಮುಖ ಎದುರಿಗೆ ಬಂದು ನಿಂತಿತು, ಹಣೆಯ ಮೇಲಿನ ಸಣ್ಣ ಹಚ್ಚೆಯೂ ಕಂಡಿತು. ರುಕ್ಮಿಣೀಬಾಯಿಯವರು ಕಣ್ಣೀರು ಹಾಕಿದರು. ನಾನೂ ಅತ್ತೆ.

ಮನಸ್ಸು ಹಗುರಾಯಿತು. ಈ ಊರಿಗೆ ಬಂದ ಮೇಲೆ ಇಂದೇ ಹೊಟ್ಟೆ ತುಂಬ ಉಂಡದ್ದು.